ಕಡಲು ಮುಚ್ಚಿದ ದಿನದ ರಕ್ತ

ರೆಂತಿಯ ಹೆಣ ಬೆಳಿಗ್ಗೆ ಏಳೂವರೆಗೆ ಅವಳ ದ್ವೀಪದಿಂದ ದೋಣಿಯಲ್ಲಿ ಬಂತು. ಅವಳ ರಕ್ತದ ವರದಿ ಅದಕ್ಕಿಂತ ಮೂರು ದಿನ ಮೊದಲೇ ನನ್ನ ಮೇಜಿಗೆ ಬಂದಿತ್ತು. ಲಿವರ್ ಚೆನ್ನಾಗಿದೆ, ಮಾತ್ರೆ ಮುಂದುವರಿಸಬಹುದು— ಎಂದು ಅದರಲ್ಲಿತ್ತು.

ಆ ಹಾಳೆಯನ್ನು ಕೈಯಲ್ಲಿ ಹಿಡಿದುಕೊಂಡೇ ನಾನು ಕೆಳಗಿಳಿದು ಓಡಿದೆ. ಗಾಲಿಮಂಚದ ಮೇಲೆ ಮಲಗಿಸಿದ್ದರು. ಇಪ್ಪತ್ತೊಂಬತ್ತು ವರ್ಷದವಳು. ಅರೆತೆರೆದ ಕಣ್ಣಿಗೆ ಅರಿಸಿನದ ನೀರಿನ ಬಣ್ಣ. ಉಗುರೂ ಹಳದಿ. ಲಿವರ್ ಕೆಟ್ಟು ಸತ್ತಿದ್ದಾಳೆ ಅನ್ನುವುದಕ್ಕೆ ಡಾಕ್ಟರೇ ಬೇಕಾಗಿರಲಿಲ್ಲ, ನನ್ನಂಥ ಗುಮಾಸ್ತೆಗೂ ಕಾಣುತ್ತಿತ್ತು. ಹಾಗಾದರೆ ನನ್ನ ಕೈಯಲ್ಲಿದ್ದ ಹಾಳೆ ಏನು ಹೇಳುತ್ತಿತ್ತು?

ಮೆಟ್ಟಿಲ ಮೇಲೆ ಅವಳ ತಂಗಿ ಸಂದತ್ ಕೂತಿದ್ದಳು. ಅಕ್ಕನ ಚಪ್ಪಲಿಗಳನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಅಳುತ್ತಿರಲಿಲ್ಲ. ಎಂಟು ಗಂಟೆ ಹೊಡೆಯಿತು. ಅವಳು ಸೊಂಟದ ಚೀಲದಿಂದ ಬಿಳಿ ಡಬ್ಬಿ ತೆಗೆದು ಒಂದು ಮಾತ್ರೆ ಬಾಯಿಗೆ ಹಾಕಿಕೊಂಡಳು. ಅದೇ ಮಾತ್ರೆ. ಅಕ್ಕ ನಾಲ್ಕು ತಿಂಗಳು ನುಂಗಿದ್ದ ಮಾತ್ರೆ.

ಬಾಲಿಯ ಪೂರ್ವ ತೀರದ ಈ ಆಸ್ಪತ್ರೆಯಲ್ಲಿ ಹೊಸ ಔಷಧಗಳ ಪ್ರಯೋಗ ನಡೆಯುತ್ತದೆ. ತಾವಾಗಿಯೇ ಒಪ್ಪಿ ಬಂದವರ ಮೇಲೆ. ಅವರಿಗೆ ಅನ್ಯಾಯವಾಗದಂತೆ ನೋಡಿಕೊಳ್ಳಲು ಒಂದು ಸಮಿತಿ ಇದೆ, ಅದಕ್ಕೆ ಗುಮಾಸ್ತೆ ನಾನು, ಸುಚಿತಿ. ಸಮಿತಿಯಲ್ಲಿ ಡಾಕ್ಟರಲ್ಲದ ಒಬ್ಬ ಮನುಷ್ಯ ಇರಲೇಬೇಕು ಎಂದು ನಿಯಮ. ಆ ಮನುಷ್ಯ ಗೆಡೆ ಮೆರ್ತಾ. ಇಪ್ಪತ್ತಾರು ವರ್ಷ ಬಂದರಿನ ಪೊಲೀಸಾಗಿದ್ದು ನಿವೃತ್ತರಾದವರು. ಸಭೆಯಲ್ಲಿ ಎಲ್ಲರೂ ಅವರನ್ನು ಹೂದಾನಿಯ ಹಾಗೆ ಒಂದು ಕಡೆ ಕೂರಿಸಿ ಮರೆತುಬಿಡುತ್ತಿದ್ದರು.

ಅಂದು ಮಾತ್ರ ಅವರನ್ನು ಮರೆಯಲು ನಾನು ಬಿಡಲಿಲ್ಲ. ಫೋನ್ ಮಾಡಿ ಕರೆಸಿದೆ.

ಪ್ರಯೋಗದ ಮುಖ್ಯಸ್ಥ ಡಾಕ್ಟರ್ ಪ್ರಸೆತ್ಯೊ ಬಾಲಿಯ ಹೊರಗಿನ ಸುರಬಾಯಾದವರು. ಕ್ಷಯ ಬಾರದಂತೆ ತಡೆಯುವ ಮಾತ್ರೆ ಅವರದು. ಮೆರ್ತಾ ಒಳಗೆ ಬಂದದ್ದು ಕಂಡೇ ಅವರ ಮುಖ ಗಂಟಾಯಿತು.

"ಇದರಲ್ಲಿ ಪೊಲೀಸ್ ಕೆಲಸ ಏನಿದೆ ಸ್ವಾಮಿ? ದ್ವೀಪದಲ್ಲಿ ತಂಪಿ ಅಂತ ಒಬ್ಬಳು ನಾಟಿ ವೈದ್ಯದ ಮುದುಕಿ ಇದ್ದಾಳೆ. ಕಷಾಯ ಕುಡಿಸಿದ್ದಾಳೆ. ಲಿವರ್ ಹೋಯ್ತು. ಮುಗೀತು."

"ಮಾತ್ರೆಯಿಂದ ಆಗಿರಬಾರ್ದಾ?"

"ಆಗೋದಾದ್ರೆ ನಿಧಾನಕ್ಕೆ ಆಗುತ್ತೆ, ರಕ್ತದಲ್ಲಿ ಮೊದಲೇ ಕಾಣುತ್ತೆ. ಅದಕ್ಕೇ ಹದಿನೈದು ದಿನಕ್ಕೊಂದ್ಸಲ ಪರೀಕ್ಷೆ. ಅಂಕಿ ಮಿತಿ ದಾಟಿದ್ರೆ ಯಂತ್ರಾನೇ ಕೆಂಪು ಗುರುತು ಹಾಕುತ್ತೆ. ನೋಡಿ— ಅಕ್ಟೋಬರ್ ಎಂಟು. ದ್ವೀಪದಲ್ಲಿ ಬೆಳಿಗ್ಗೆ ಏಳೂ ಇಪ್ಪತ್ತಕ್ಕೆ ರಕ್ತ ತೆಗೆದದ್ದು, ಹತ್ತೂ ಮುಕ್ಕಾಲಿಗೆ ನಮ್ಮ ಪ್ರಯೋಗಾಲಯಕ್ಕೆ ಬಂದದ್ದು. ಒಂದಾದ್ರೂ ಕೆಂಪು ಗುರುತು ಇದೆಯಾ?"

ಇರಲಿಲ್ಲ. ಆ ದ್ವೀಪದಿಂದ ಬಂದ ಆರು ಜನರ ಹಾಳೆಗಳಲ್ಲೂ ಇರಲಿಲ್ಲ.

"ಎಂಟಕ್ಕೆ ಸರಿಯಿದ್ದ ಲಿವರ್ ಹನ್ನೆರಡಕ್ಕೆ ಸತ್ತುಹೋಗುತ್ತಾ?" ಎಂದು ಮೆರ್ತಾ ಕೇಳಿದರು.

"ವಿಷ ಕುಡಿಸಿದ್ರೆ ಹೋಗುತ್ತೆ. ಬರೋ ಗುರುವಾರ ಸಮಿತಿ ಸೇರಲಿ, ಕಷಾಯ ಅಂತ ಬರೆದು ಮುಗಿಸಿಬಿಡಿ. ಉಳಿದ ಐದು ಜನ ಮಾತ್ರೆ ನಿಲ್ಲಿಸಬೇಕಾಗಿಲ್ಲ."

ಐದು ಜನ. ಅವರಲ್ಲಿ ಒಬ್ಬಳು ಕೆಳಗೆ ಮೆಟ್ಟಿಲ ಮೇಲೆ ಕೂತಿದ್ದಳು. ಕಷಾಯ ಕೊಂದಿದ್ದರೆ ಅವಳು ಬದುಕುತ್ತಾಳೆ. ಮಾತ್ರೆ ಕೊಂದಿದ್ದರೆ, ಗುರುವಾರ ನಾವು ಬರೆಯುವ ಒಂದು ಸಾಲು ಅವಳನ್ನೂ ಅಕ್ಕನ ಪಕ್ಕ ಮಲಗಿಸುತ್ತದೆ.

ಹೊರಗೆ ಬಂದ ಮೆರ್ತಾ ಓಣಿಯ ಗೋಡೆಯ ಮುಂದೆ ನಿಂತರು. ಅಲ್ಲಿ ಚೌಕಟ್ಟು ಹಾಕಿದ ಒಂದು ಪ್ರಶಸ್ತಿಪತ್ರ. "ಆಗಸ್ಟ್ ತಿಂಗಳಲ್ಲಿ ದೋಣಿ ಮಗುಚಿದಾಗ ಎರಡು ಗಂಟೆ ನೀರಿನಲ್ಲಿದ್ದೂ ರಕ್ತದ ಪೆಟ್ಟಿಗೆಯನ್ನು ಕೈಬಿಡದೆ ರಕ್ಷಿಸಿದ ಧೀರ ನರ್ಸ್ ಪುತು ಅರ್ದಿಕ ಅವರಿಗೆ."

"ಇವನೇ ದ್ವೀಪಕ್ಕೆ ಹೋಗೋನು?"

"ಅವನೇ ಸಾರ್. ಬಂಗಾರದಂಥ ಹುಡುಗ. ರಕ್ತ ತೆಗೆಯೋದು, ಮಾತ್ರೆ ಕೊಡೋದು, ಸಹಿ ಹಾಕಿಸೋದು, ಎಲ್ಲ ಅವನೇ."

"ಹಾಗಾದ್ರೆ ದ್ವೀಪಕ್ಕೆ ಹೋಗೋವಾಗ ಅವನನ್ನೂ ಕರ್ಕೊಂಡು ಹೋಗೋಣ."

*

ಹದಿಮೂರರಂದು ದ್ವೀಪದವರು ರೆಂತಿಯನ್ನು ಹೂತರು. ಅಲ್ಲಿ ಕೆಲವು ವರ್ಷಕ್ಕೊಮ್ಮೆ ಎಲ್ಲರನ್ನೂ ಒಟ್ಟಿಗೆ ತೆಗೆದು ಸುಡುವುದು ಪದ್ಧತಿ, ಆ ಸಾಮೂಹಿಕ ದಹನದ ವರ್ಷ ಬರುವವರೆಗೆ ಅವಳು ಮಣ್ಣಿನಲ್ಲಿ ಕಾಯಬೇಕು. ಹದಿನಾಲ್ಕರ ಬೆಳಿಗ್ಗೆ ನಾವು ತೀರಕ್ಕೆ ಹೋದೆವು.

ಅಲ್ಲಿ ಕಟ್ಟೆಯಿಲ್ಲ, ಕಪ್ಪು ಮರಳಿನಿಂದ ನೇರವಾಗಿ ನೀರಿಗಿಳಿದು ದೋಣಿ ಹತ್ತಬೇಕು. ಅರ್ದಿಕ ನಮಗಿಂತ ಮೊದಲೇ ಬಂದು ತೆಂಗಿನ ಮರದ ಕೆಳಗೆ ನಿಂತಿದ್ದ. ಇಪ್ಪತ್ತಾರರ ಚೆಲುವ. ಬೆಂಕಿಯಂಥ ಬಿಸಿಲು, ಆದರೂ ಮಣಿಕಟ್ಟಿನವರೆಗೆ ತೋಳಿನ ಅಂಗಿ, ಗುಂಡಿ ಹಾಕಿದ್ದು.

"ಏನಪ್ಪಾ, ಮದುವಣಿಗನ ಹಾಗೆ ಬಂದಿದ್ದೀಯ? ಸೆಖೆ ಆಗಲ್ವಾ?" ಎಂದು ರೇಗಿಸಿದೆ.

"ಬಿಸಿಲಿಗೆ ಕಪ್ಪಾಗ್ತೀನಿ ಅಕ್ಕ," ಎಂದು ನಕ್ಕ. ಕಣ್ಣು ಮಾತ್ರ ಅತ್ತು ಕೆಂಪಾಗಿತ್ತು. "ರೆಂತಿಯಕ್ಕ ನಂಗೆ ಅಂತ ಒಣಮೀನು ಎತ್ತಿಡ್ತಿದ್ರು. ನಂಬೋಕೇ ಆಗ್ತಿಲ್ಲ."

"ಬಾ, ಹತ್ತು," ಎಂದರು ಮೆರ್ತಾ.

"ಇವತ್ತು ಆಗಲ್ಲ ಸಾರ್. ಮನೇಲಿ ತಂಗಿಗೆ ಅರ ಹಾಕಿ ಹಲ್ಲು ಸಮ ಮಾಡಿಸೋ ಶಾಸ್ತ್ರ. ನಾನಿಲ್ದೇ ಇದ್ರೆ ಅಮ್ಮ ಕೊಂದೇಬಿಡ್ತಾಳೆ." ಅವನು ಮಾತ್ರೆ ಡಬ್ಬಿಗಳ ಚೀಲವನ್ನು ನನ್ನ ಕೈಗೆ ಕೊಟ್ಟ. "ಇದನ್ನು ಅವರಿಗೆ ಕೊಟ್ಬಿಡಿ ಅಕ್ಕ."

ನಾವು ಮೊಣಕಾಲಿನವರೆಗೆ ನೆನೆದು ದೋಣಿ ಹತ್ತಿದೆವು. ನಮ್ಮನ್ನು ಬೀಳ್ಕೊಡಲು ಬಂದವನು ಅಲೆ ಮುಟ್ಟದಷ್ಟು ದೂರದಲ್ಲೇ ನಿಂತು ಕೈ ಬೀಸಿದ.

ದೋಣಿ ಜಗ್ರನದು. ಐವತ್ತು ದಾಟಿದ ಮೌನಿ. ಹೊರಟು ಐದು ನಿಮಿಷಕ್ಕೆ ಮೆರ್ತಾ ಅಂಚು ಹಿಡಿದು ವಾಂತಿ ಮಾಡಿಕೊಂಡರು.

"ಬಂದರಿನ ಪೊಲೀಸು ಅಂತೀರಿ!" ಎಂದು ನಾನು ನೀರಿನ ಬಾಟಲಿ ಕೊಟ್ಟೆ.

"ಬಂದರಲ್ಲಿ ನಿಂತ್ಕೊಳ್ಳೋ ಪೊಲೀಸು ಸುಚಿತಿ. ಕಡಲು ಅಂದ್ರೆ ನಂಗೆ ಜೀವ ಹೋಗುತ್ತೆ. ಹುಡುಗರೆಲ್ಲ ಆಡ್ಕೋತಿದ್ರು. ಆಡ್ಕೊಳ್ಳಿ ಅಂತ ಬಿಟ್ಟಿದ್ದೆ." ಬಾಯಿ ಒರೆಸಿಕೊಂಡು ಜಗ್ರನ ಕಡೆ ತಿರುಗಿದರು. "ಆಗಸ್ಟಲ್ಲಿ ಮಗುಚಿದ್ದು ನಿನ್ನ ದೋಣೀನೇ?"

"ಹೂಂ."

"ಆಮೇಲೂ ಅರ್ದಿಕ ನಿನ್ನ ದೋಣೀಲೇ ಬರ್ತಾನಾ?"

ಜಗ್ರ ಎಂಜಿನ್ ಕಡೆ ಬಗ್ಗಿದ. ತಲೆಯೆತ್ತದೆ, "ಬರ್ತಾರೆ, ಬರ್ತಾರೆ," ಎಂದ.

*

ನುಸಾ ಗದಿಂಗ್ ಚಿಕ್ಕ ದ್ವೀಪ. ಒಂದೇ ಕೇರಿ. ಸರ್ಕಾರಿ ಸೂಲಗಿತ್ತಿಯೊಬ್ಬಳನ್ನು ಬಿಟ್ಟರೆ ಡಾಕ್ಟರು ಯಾರೂ ಇಲ್ಲ. ದಂಡೆಯುದ್ದಕ್ಕೂ ಕಡಲಪಾಚಿ ಒಣಗಲು ಹರವಿದ್ದರು. ಕೇರಿಯ ಮಂಟಪದಲ್ಲಿ ಗಂಡಸರು ಗುಂಪಾಗಿ ಕೂತಿದ್ದರು, ಸಂಜೆಗೆ ಸಭೆಯಂತೆ. ತಂಪಿ ಅಜ್ಜಿಯನ್ನು ಕೇರಿಯಿಂದ ಹೊರಗೆ ಹಾಕಬೇಕೋ ಬೇಡವೋ ಎಂದು.

ಅಜ್ಜಿ ತನ್ನ ಅಂಗಳದಲ್ಲಿ ಒಬ್ಬಳೇ ಇದ್ದಳು. ಎಂಬತ್ತರ ಹತ್ತಿರ. ನಮ್ಮನ್ನು ಕಂಡೊಡನೆ ಒಂದು ಚೆಂಬು ತಂದು ಮುಂದೆ ಕುಕ್ಕಿದಳು.

"ಇದೇ ಕಷಾಯ. ಹಾಲಿವಾಣದ ಎಲೆ, ಚೂರು ಉಪ್ಪು, ತಣ್ಣೀರು. ನೀವೂ ಕುಡೀರಿ. ಸತ್ರೆ ಬಂದು ಹೇಳಿ."

ಮೆರ್ತಾ ಗಟಗಟನೆ ಕುಡಿದೇಬಿಟ್ಟರು!

"ಎಷ್ಟು ದಿನ ಕೊಟ್ರಿ ಅಜ್ಜಿ?"

"ಮೂರು ದಿನ. ಮೊದಲೇ ಹೇಳ್ದೆ ನಾನು— ಕಣ್ಣು ಹಳದಿ ಆಗಿದೆ, ಇದು ನನ್ನ ಕೈಲಿ ಆಗೋ ಕೆಲಸ ಅಲ್ಲ, ಆಚೆ ದಡಕ್ಕೆ ಕರ್ಕೊಂಡು ಹೋಗಿ ಅಂತ."

"ಅಂದ್ರೆ, ನೀವು ಕಷಾಯ ಕೊಡೋಕೆ ಮುಂಚೇನೇ ಕಣ್ಣು ಹಳದಿ ಆಗಿತ್ತಾ?"

"ಅದಕ್ಕೇ ತಾನೇ ನನ್ನ ಹತ್ರ ಬಂದಿದ್ದು! ಚೆನ್ನಾಗಿರೋರು ಯಾಕೆ ಬರ್ತಾರೆ? ಆದ್ರೆ ನನ್ನ ಮಾತು ಯಾರು ನಂಬ್ತಾರೆ? ಅವರ ಹತ್ರ ಕಾಗದ ಇದೆ. ನನ್ನ ಹತ್ರ ಎಲೆ ಇದೆ." ಅಜ್ಜಿ ಎರಡೂ ಕೈ ಮುಂದೆ ಚಾಚಿದಳು. "ಆ ಹುಡುಗೀನ ಈ ಕೈಲಿ ಎತ್ತಿ ಆಡಿಸಿದ್ದೆ ಕಣಪ್ಪಾ."

ರೆಂತಿಯ ಮನೆ ಪಕ್ಕದಲ್ಲೇ. ಇಪ್ಪತ್ತೆರಡರ ಸಂದತ್ ನಮಗೆ ಕಾಫಿ ಇಟ್ಟು, ಕೈಕಟ್ಟಿ ಕೂತಳು. ಅಪ್ಪ ಕ್ಷಯದಿಂದ ಹೋದ ಮೇಲೆ ಆ ಮನೆಯಲ್ಲಿ ಅಕ್ಕತಂಗಿ ಇಬ್ಬರೇ.

"ಪ್ರಯೋಗಕ್ಕೆ ಯಾಕೆ ಸೇರಿದ್ರಿ ಮಗಳೇ?"

"ಅಪ್ಪನ ಹಾಗೆ ಕೆಮ್ಮಿ ಕೆಮ್ಮಿ ಸಾಯಬಾರ್ದು ಅಂತ. ಅಕ್ಕಾನೇ ಮೊದಲು ಹೆಸರು ಕೊಟ್ಟಿದ್ದು. ಯಾರೋ ಮೊದಲು ನುಂಗಿದ್ರೆ ತಾನೇ ಆಮೇಲೆ ಎಲ್ರಿಗೂ ಸಿಗೋದು ಅಂದ್ಲು."

"ಕಣ್ಣು ಹಳದಿ ಆಗಿದ್ದು ಯಾವಾಗ?"

"ನಮ್ಮ ಪಂಚಾಂಗದ ನಾಲ್ಕನೇ ತಿಂಗಳ ಹುಣ್ಣಿಮೆ ಸಂಜೆ. ಪೂಜೆಗೆ ಹೊರಟಾಗ ನೋಡ್ದೆ. ಆಚೆ ಕರ್ಕೊಂಡು ಹೋಗೋಣ ಅಂದ್ರೆ ಮರುದಿನ ಕಡಲು ಮುಚ್ಚೋ ದಿನ. ಬೇಡ್ಕೊಂಡ್ರೂ ದೋಣಿ ಬಿಡಲ್ಲ. ಕಾದ್ವಿ. ಅದರ ಮರುದಿನ ದಡಕ್ಕೆ ಹೊರಡೋಕೆ ಗಂಟು ಕಟ್ಟಿದ್ವಿ, ಅಷ್ಟರಲ್ಲಿ ಅರ್ದಿಕಣ್ಣನ ಫೋನ್ ಬಂತು. ವರದಿ ಬಂದಿದೆ, ಲಿವರ್ ಚೆನ್ನಾಗಿದೆ, ಹೆದರ್ಕೋಬೇಡಿ ಅಂದ. ಗಂಟು ಬಿಚ್ಚಿಬಿಟ್ವಿ. ಬಿಚ್ಚಬಾರದಾಗಿತ್ತು."

"ಅರ್ದಿಕ ಬಂದು ರಕ್ತ ತೆಗೀತಿದ್ನಾ?"

ಸಂದತ್ ನೆಲ ನೋಡಿದಳು. "ಹದಿನೈದು ದಿನಕ್ಕೊಂದ್ಸಲ. ಸಹಿ ಇದೆಯಲ್ಲ."

ಸಹಿಯ ಮಾತನ್ನು ನಾವು ಎತ್ತಿಯೇ ಇರಲಿಲ್ಲ.

"ಕೊನೇ ಸಲ?"

"ಹುಣ್ಣಿಮೆ ಹತ್ರಾನೇ... ಸರಿಯಾಗಿ ನೆನಪಿಲ್ಲ."

ಮೆರ್ತಾ ಒತ್ತಾಯಿಸಲಿಲ್ಲ. ಗೋಡೆಯ ಮೇಲೆ ಪಂಚಾಂಗ ತೂಗುತ್ತಿತ್ತು, ನಮ್ಮ ಎಲ್ಲರ ಮನೆಯಲ್ಲೂ ಇರುವಂಥದ್ದೇ. ತಾರೀಕು ದಪ್ಪಕ್ಷರದಲ್ಲಿ, ಅದರ ಕೆಳಗೆ ಹತ್ತು ಸಾಲು ಶುಭಾಶುಭ, ಹುಣ್ಣಿಮೆಗೆ ಕೆಂಪು ಚುಕ್ಕಿ. ರೆಂತಿ ಮಾತ್ರೆ ನುಂಗಿದ ಪ್ರತಿ ದಿನಕ್ಕೂ ಪೆನ್ನಿನಲ್ಲಿ ಗೀಟು ಹಾಕಿದ್ದಳು. ಅವರು ಅದರ ಮುಂದೆ ನಿಂತರು. ಹಾಳೆ ಹಿಂದಕ್ಕೆ ತಿರುವಿದರು, ಮುಂದಕ್ಕೆ ತಿರುವಿದರು. ಕೆಂಪು ಚುಕ್ಕಿಯ ಪಕ್ಕದ ಚೌಕದ ಮೇಲೆ ಬೆರಳಿಟ್ಟು ಹಾಗೇ ನಿಂತುಬಿಟ್ಟರು.

ತಿರುಗಿದಾಗ ಅವರ ಮುಖದಲ್ಲಿ ರಕ್ತವೇ ಇರಲಿಲ್ಲ.

"ಮಗಳೇ, ಸ್ವಲ್ಪ ಬೆಳಕಿಗೆ ಬಾ." ಅಂಗಳದಲ್ಲಿ ನಿಲ್ಲಿಸಿ ಅವಳ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು ನೋಡಿದರು. "ಊಟ ಸೇರುತ್ತಾ?"

"ಅಕ್ಕ ಹೋದ್ಮೇಲೆ ಏನು ಊಟ ಸೇರುತ್ತೆ ಸಾರ್?"

"ಇವತ್ತಿಂದ ಆ ಮಾತ್ರೆ ಮುಟ್ಟಬೇಡ. ನೀನೂ, ಉಳಿದ ನಾಲ್ಕು ಜನಾನೂ. ಒಂದು ಬಟ್ಟೆ ತಗೋ, ನಮ್ಮ ಜೊತೆ ಹೊರಡು. ಈ ಪಂಚಾಂಗಾನೂ ತಗೋ."

"ಮಾತ್ರೆ ಬಿಟ್ರೆ ನಮ್ಮನ್ನ ತೆಗೆದು ಹಾಕ್ತಾರಂತೆ!"

"ಯಾರು ಹಾಗಂದೋರು?"

ಅವಳು ಮತ್ತೆ ನೆಲ ನೋಡಿದಳು.

ಹೊರಡುವ ಮುಂಚೆ ಮೆರ್ತಾ ಉಳಿದ ನಾಲ್ವರಿಗೂ ಮಾತ್ರೆ ನಿಲ್ಲಿಸಲು ಹೇಳಿ, ಮಂಟಪಕ್ಕೆ ಹೋಗಿ, ನಾಳೆವರೆಗೆ ಅಜ್ಜಿಯ ವಿಚಾರ ಎತ್ತಬೇಡಿ ಎಂದು ಕೈಮುಗಿದು ಕೇಳಿಕೊಂಡರು. ದೋಣಿಯಲ್ಲಿ ನಾನು ತಡೆಯಲಾರದೆ ಅವರ ಕಿವಿಯ ಹತ್ತಿರ ಕೇಳಿದೆ, "ಯಾರು ಸಾರ್? ಡಾಕ್ಟರಾ? ತನ್ನ ಮಾತ್ರೆ ಗೆಲ್ಲಲಿ ಅಂತ ಅಂಕಿ ತಿದ್ದಿದಾರಾ?"

"ಅಂಕಿ ಯಾರೂ ತಿದ್ದಿಲ್ಲ," ಎಂದು ಅವರು ಮತ್ತೆ ಅಂಚಿಗೆ ಬಗ್ಗಿದರು. "ಅದೇ ನೋಡಿ ಕರ್ಮ. ವರದಿ ಅಪ್ಪಟ ಸತ್ಯ."

*

ಅಂದೇ ಮಧ್ಯಾಹ್ನ ಡಾಕ್ಟರ್ ಪ್ರಸೆತ್ಯೊ ಅವರ ಕೋಣೆಯಲ್ಲಿ ಐವರು ಸೇರಿದೆವು. ಡಾಕ್ಟರು, ಮೆರ್ತಾ, ನಾನು, ಸಂದತ್, ಮತ್ತು ಕರೆ ಕಳುಹಿಸಿ ಬರಮಾಡಿಕೊಂಡ ಅರ್ದಿಕ. ಬಂದೊಡನೆ ಮೆರ್ತಾ ಪ್ರಯೋಗಾಲಯದ ಹುಡುಗಿಯನ್ನು ಕರೆದು ಸಂದತ್‌ಳ ರಕ್ತ ತೆಗೆಸಿ ಪರೀಕ್ಷೆಗೆ ಕಳುಹಿಸಿದ್ದರು. ಸೂಜಿ ಚುಚ್ಚುವಾಗ ಅವಳು ಮುಖ ತಿರುಗಿಸಿ ನನ್ನ ಕೈ ಹಿಡಿದಿದ್ದಳು. ಅಂಗೈ ಕಾದಿತ್ತು.

"ಹೇಳಿ ಪತ್ತೇದಾರರೇ," ಎಂದರು ಡಾಕ್ಟರು ಕೊಂಕಾಗಿ. "ಏನು ಕಂಡುಹಿಡಿದ್ರಿ?"

"ಒಂದೇ ಒಂದು ಪ್ರಶ್ನೆ ಡಾಕ್ಟ್ರೇ. ಅಕ್ಟೋಬರ್ ಎಂಟರ ರಕ್ತ ದ್ವೀಪದಿಂದ ಇಲ್ಲಿಗೆ ಹೇಗೆ ಬಂತು?"

"ದೋಣೀಲಿ. ಇನ್ನೇನು, ಹಾರ್ಕೊಂಡು ಬರುತ್ತಾ?"

"ಹಾರ್ಕೊಂಡೇ ಬಂದಿರಬೇಕು." ಮೆರ್ತಾ ಪಂಚಾಂಗವನ್ನು ಮೇಜಿನ ಮೇಲೆ ಬಿಡಿಸಿದರು. "ನೀವು ಹೊರಗಿನೋರು, ನಿಮಗೆ ಗೊತ್ತಿಲ್ಲ. ಈ ದಡದ ನನಗೂ ಹೊಳೆದಿರಲಿಲ್ಲ. ಆ ದ್ವೀಪದೋರು ವರ್ಷಕ್ಕೊಂದು ದಿನ ಕಡಲಿಗೆ ವಿಶ್ರಾಂತಿ ಕೊಡ್ತಾರೆ. ನಾಲ್ಕನೇ ತಿಂಗಳ ಹುಣ್ಣಿಮೆ ಮರುದಿನ. ಸೂರ್ಯ ಹುಟ್ಟಿದಾಗಿಂದ ಮಾರನೇ ದಿನ ಸೂರ್ಯ ಹುಟ್ಟೋವರೆಗೂ ದೋಣಿ ಇಲ್ಲ, ಬಲೆ ಇಲ್ಲ, ನೀರಲ್ಲಿ ಕಾಲೂ ಇಡಲ್ಲ. ಈಚೆಯಿಂದ ಹೋಗೋ ದೋಣೀನೂ ಬಿಟ್ಕೊಳ್ಳಲ್ಲ. ಈ ವರ್ಷ ಹುಣ್ಣಿಮೆ ಎಂದು? ನೀವೇ ನೋಡಿ. ಕೆಂಪು ಚುಕ್ಕಿ."

ಡಾಕ್ಟರು ಬಗ್ಗಿ ನೋಡಿದರು. "ಏಳು."

"ಹಾಗಾದ್ರೆ ಕಡಲು ಮುಚ್ಚಿದ್ದು?"

"ಎಂಟು," ಎಂದ ಡಾಕ್ಟರು ಕುರ್ಚಿಯಲ್ಲಿ ನಿಧಾನವಾಗಿ ಹಿಂದಕ್ಕೆ ಒರಗಿದರು.

"ಆ ದಿನ ಕಾಯಿಲೆ ಬಿದ್ದ ಅಕ್ಕನನ್ನೇ ದಾಟಿಸೋಕೆ ಆಗಲಿಲ್ಲ. ಆದ್ರೆ ಅವಳ ರಕ್ತ ಮಾತ್ರ ಏಳೂ ಇಪ್ಪತ್ತಕ್ಕೆ ಹೊರಟು ಹತ್ತೂ ಮುಕ್ಕಾಲಿಗೆ ಬಂದುಬಿಡ್ತು! ನಮ್ಮ ಕಣ್ಣೆದುರಿಗೇ ಇತ್ತು ಇದು. ಯಾಕೆ ಕಾಣಲಿಲ್ಲ? ಅವರು ಹುಣ್ಣಿಮೆ ಮರುದಿನ ಅಂತಾರೆ, ನಾವು ಎಂಟನೇ ತಾರೀಕು ಅಂತ ಬರೀತೀವಿ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದೋರು ಯಾರೂ ಇಲ್ಲ. ಈ ಪಂಚಾಂಗದಲ್ಲಿ ಎರಡೂ ಒಂದೇ ಚೌಕದಲ್ಲಿದೆ."

"ಪೆಟ್ಟಿಗೆ ಅದಲುಬದಲು ಆಗಿರಬಹುದಲ್ಲ? ದೋಣಿಯವನು—"

"ಅವತ್ತು ದೋಣಿಯವನು ಮನೇಲಿ ಮಲಗಿದ್ದ ಡಾಕ್ಟ್ರೇ. ಪ್ರಯೋಗಾಲಯದ ಪುಸ್ತಕದಲ್ಲಿ ಪೆಟ್ಟಿಗೆ ತಂದುಕೊಟ್ಟವರ ಸಹಿ ಇದೆ. ಒಬ್ಬನದೇ ಸಹಿ, ಪ್ರತಿ ಸಲಾನೂ." ಮೆರ್ತಾ ಆರು ಹಾಳೆಗಳನ್ನು ಸಾಲಾಗಿ ಇಟ್ಟರು. "ಇನ್ನೊಂದು ನೋಡಿ. ಕೆಂಪು ಗುರುತು ಇಲ್ಲ ಅಂತ ನೀವು ಅಂಕಿ ಓದಲೇ ಇಲ್ಲ. ಅರವತ್ತರ ಮುದುಕ, ಇಪ್ಪತ್ತೆರಡರ ಹುಡುಗಿ, ಗಂಡಸು, ಹೆಂಗಸು— ಆರು ಜನ. ಜೂನ್, ಜುಲೈನಲ್ಲಿ ಆರು ಜನಕ್ಕೆ ಆರು ಥರ. ಆಗಸ್ಟ್ ಕೊನೆಯಿಂದ ಇಪ್ಪತ್ತೆರಡು, ಇಪ್ಪತ್ತೆರಡು, ಇಪ್ಪತ್ತಮೂರು, ಇಪ್ಪತ್ತೆರಡು! ಆರು ಜನಕ್ಕೂ ಒಂದೇ ಲಿವರ್ ಇದೆಯಾ?"

ಅರ್ದಿಕನ ಹಣೆಯಿಂದ ಬೆವರು ಗಲ್ಲಕ್ಕೆ ಇಳಿಯುತ್ತಿತ್ತು.

"ಅರ್ದಿಕ, ಸೆಖೆ ಆಗ್ತಿದೆಯಲ್ಲಪ್ಪ. ಎಡಗೈ ತೋಳು ಮಡಿಚ್ಕೋ."

ಅವನು ಅಲುಗಾಡಲಿಲ್ಲ.

"ಮಡಿಚ್ಕೋ ಮಗನೇ."

ಅವನು ಗುಂಡಿ ಬಿಚ್ಚಿ ತೋಳು ಮೇಲಕ್ಕೆ ಸರಿಸಿದ. ಮೊಣಕೈ ಒಳಗಡೆ ಕಂದುಗಟ್ಟಿದ ಚರ್ಮ. ಸೂಜಿಯ ಚುಕ್ಕಿಗಳು, ಹಳೆಯವು, ಹೊಸವು, ಒಂದರ ಪಕ್ಕ ಒಂದು. ನಾನು ಬಾಯಿಗೆ ಕೈ ಇಟ್ಟುಕೊಂಡೆ. ಬಂಗಾರದಂಥ ಹುಡುಗ ಎಂದಿದ್ದೆನಲ್ಲ!

"ಎಲ್ಲ ನಿನ್ನ ರಕ್ತ," ಎಂದರು ಮೆರ್ತಾ. "ಅದಕ್ಕೇ ವರದಿ ಸತ್ಯ. ನಿನ್ನ ಲಿವರ್ ಚೆನ್ನಾಗಿದೆ. ರೆಂತಿಯದ್ದು ಎರಡು ತಿಂಗಳು ಕೊಳೀತಾ ಇತ್ತು, ನೋಡೋರೇ ಇರಲಿಲ್ಲ. ಯಾಕೆ ಅಂತ ನಾನು ಹೇಳ್ಲಾ? ಹೊರಗೆ ಗೋಡೆ ಮೇಲೆ ಚೌಕಟ್ಟು ಹಾಕಿ ತೂಗುಹಾಕಿದಾರೆ."

ಅರ್ದಿಕ ಮುಖ ಮುಚ್ಚಿಕೊಂಡ. ಮಾತು ಬೆರಳ ಸಂದಿಯಿಂದ ಬಂತು.

"ಪೆಟ್ಟಿಗೆ ಕೈಬಿಡಲಿಲ್ಲ ಅಂತ ಬರೆದಿದಾರೆ ಸಾರ್. ನಾನು ಅದನ್ನ ಕಾಪಾಡಿದ್ದಲ್ಲ. ಅದು ತೇಲ್ತಿತ್ತು, ಅದಕ್ಕೇ ತಬ್ಬಿಕೊಂಡಿದ್ದೆ. ಕಾಲ ಕೆಳಗೆ ಏನೂ ಇರಲಿಲ್ಲ. ಎರಡು ಗಂಟೆ. ಆಮೇಲೆ ಮೂರು ಸಲ ದಡಕ್ಕೆ ಹೋದೆ. ನೀರು ಪಾದ ಮುಟ್ಟಿದ್ರೆ ಮೈಯೆಲ್ಲ ನಡುಗುತ್ತೆ. ಹೇಳೋಣ ಅಂತ ಇಲ್ಲಿಗೆ ಬಂದ ದಿನಾನೇ ಎಲ್ರೂ ಸೇರಿ ಚಪ್ಪಾಳೆ ಹೊಡೆದು ಆ ಪತ್ರ ಕೊಟ್ರು. ಧೀರ ಅಂದ್ರು. ಹೇಗೆ ಹೇಳ್ಲಿ?"

"ಅದಕ್ಕೆ?"

"ಒಂದ್ಸಲ ಅಂತ ಮಾಡ್ದೆ. ಮಾತ್ರೆ, ಸಹಿ ಹಾಕೋ ಹಾಳೆ ಎಲ್ಲ ಜಗ್ರನ ಕೈಲಿ ಕಳ್ಸಿದೆ. ಜೂನಲ್ಲೇ ಅಚ್ಚು ಹಾಕಿಸಿದ್ದ ತಾರೀಕುಗಳಿಗೆ ಸರಿಯಾಗಿ ರಕ್ತ ತಂದುಕೊಟ್ಟೆ. ಆರು ಜನರದ್ದೂ ಅಲ್ಲೀವರೆಗೂ ಚೆನ್ನಾಗಿತ್ತು ಸಾರ್, ಏನಾಗುತ್ತೆ ಅಂದ್ಕೊಂಡೆ. ಕಡಲು ಮುಚ್ಚಿದ್ದು ನಂಗೆ ಗೊತ್ತೇ ಇರಲಿಲ್ಲ."

"ಫೋನ್ ಮಾಡಿ ಲಿವರ್ ಚೆನ್ನಾಗಿದೆ ಅಂದೆಯಲ್ಲೋ ಪಾಪಿ!" ನಾನು ಕಿರುಚಿಬಿಟ್ಟೆ. "ಯಾರ ಲಿವರ್ ಅಂತ ನಿನಗೆ ಗೊತ್ತಿತ್ತಲ್ಲ!"

"ಕಣ್ಣು ಹಳದಿ ಅಂತ ಅವರು ನಂಗೆ ಹೇಳಿರಲಿಲ್ಲ ಅಕ್ಕ. ಪ್ರತಿ ಸಲ ವರದಿ ಬಂದ್ಮೇಲೆ ಫೋನ್ ಮಾಡ್ತಿದ್ದೆ, ಹಾಗೇ ಮಾಡ್ದೆ."

ಡಾಕ್ಟರ್ ಪ್ರಸೆತ್ಯೊ ಎದ್ದು ಸಂದತ್‌ಳ ಮುಂದೆ ನಿಂತರು. ಅವರ ದನಿ ಅಡಗಿತ್ತು. "ನೀವು ಯಾಕಮ್ಮ ಹೇಳಲಿಲ್ಲ? ಎರಡು ತಿಂಗಳು ಅವನು ಬರಲೇ ಇಲ್ಲ, ಸೂಜಿ ಚುಚ್ಚಲೇ ಇಲ್ಲ, ಆದ್ರೂ ಸಹಿ ಹಾಕಿದ್ರಿ?"

ಸಂದತ್ ಮೊದಲ ಸಲ ತಲೆಯೆತ್ತಿದಳು.

"ರಕ್ತ ನಿಮಗೆ ಬೇಕಾಗಿದ್ದು ಅಂದ್ಕೊಂಡಿದ್ವಿ ಡಾಕ್ಟ್ರೇ. ಮಾತ್ರೆ ನಮಗೆ, ರಕ್ತ ನಿಮಗೆ. ನಿಮ್ಮ ಪಾಲು ನೀವೇ ಬೇಡ ಅಂದ್ರೆ ನಮಗೇನು ನಷ್ಟ ಅಂತ ಖುಷಿಪಟ್ವಿ. ಯಾರಿಗಾದ್ರೂ ಹೇಳಿದ್ರೆ ಪ್ರಯೋಗ ನಿಂತುಹೋಗುತ್ತೆ, ಮಾತ್ರೆ ಸಿಗಲ್ಲ ಅಂತ ಅರ್ದಿಕಣ್ಣ ಹೇಳಿ ಕಳ್ಸಿದ್ದ. ಮಾತ್ರೆ ಸಿಗದೇ ಇದ್ರೆ ಅಪ್ಪನ ಹಾಗೆ... ಆ ರಕ್ತ ನಮಗೋಸ್ಕರ ಅಂತ ಯಾರು ಹೇಳಿದ್ರು ನಮಗೆ?"

ಡಾಕ್ಟರು ಸಹಿ ಹಾಕಿಸಿಕೊಂಡ ಒಪ್ಪಿಗೆ ಪತ್ರ ಹದಿನಾಲ್ಕು ಪುಟ. ರಕ್ತ ಯಾಕೆ ಎಂಬುದು ಹನ್ನೊಂದನೇ ಪುಟದಲ್ಲಿ ಇದೆ. ನಾನೇ ಅಚ್ಚು ಮಾಡಿದ್ದು. ನಾನೂ ಆ ಪುಟವನ್ನು ಯಾರಿಗೂ ಓದಿ ಹೇಳಿರಲಿಲ್ಲ.

ಬಾಗಿಲು ತಟ್ಟಿ ಪ್ರಯೋಗಾಲಯದ ಹುಡುಗಿ ಒಂದು ಹಾಳೆ ತಂದುಕೊಟ್ಟಳು. ಡಾಕ್ಟರು ನೋಡಿದರು, ಮೇಜಿನ ಮೇಲೆ ಇಟ್ಟರು. ಎರಡು ತಿಂಗಳಲ್ಲಿ ಆ ದ್ವೀಪದವರಿಂದ ಬಂದ ಮೊದಲ ನಿಜವಾದ ವರದಿ ಅದು. ಮೇಲಿಂದ ಕೆಳಗೆ ಕೆಂಪು ಗುರುತುಗಳು.

"ಮಿತಿಯ ಹನ್ನೊಂದು ಪಟ್ಟು," ಎಂದರು. "ಹಾಸಿಗೆ ಸಿದ್ಧ ಮಾಡಿ. ಈಗಲೇ. ಉಳಿದ ನಾಲ್ಕು ಜನರನ್ನೂ ಇವತ್ತೇ ಕರೆಸಬೇಕು."

"ಬದುಕ್ತಾಳಾ?" ಮೆರ್ತಾ ಕೇಳಿದರು.

"ಇವತ್ತು ಬಂದಿದ್ದಕ್ಕೆ ಬದುಕಬಹುದು. ಇನ್ನೊಂದು ವಾರ ನುಂಗಿದ್ರೆ ಹೇಳೋಕಾಗ್ತಿರಲಿಲ್ಲ. ಆ ಎಂಟನೇ ತಾರೀಕು ಅವಳ ಅಕ್ಕನ ರಕ್ತ ಬಂದಿದ್ರೆ..."

ಮೆರ್ತಾ ಅರ್ದಿಕನ ಭುಜದ ಮೇಲೆ ಕೈ ಇಟ್ಟರು. "ನಡಿ. ಪೊಲೀಸ್ ಠಾಣೆಗೆ ನಾನೇ ಕರ್ಕೊಂಡು ಹೋಗ್ತೀನಿ. ನಂಗೂ ಕಡಲು ಅಂದ್ರೆ ಭಯ ಕಣೋ. ನಾನು ಹೇಳ್ಕೊಂಡೆ, ನೀನು ಹೇಳ್ಕೊಳ್ಳಲಿಲ್ಲ."

ಅವನು ಎದ್ದ. ಬಾಗಿಲವರೆಗೆ ಹೋದವನು ತಿರುಗಿ, ಕೈಮುಗಿದು ಸಂದತ್‌ಳ ಮುಂದೆ ನಿಂತ. ನಾನಾಗಿದ್ದರೆ ಮುಖಕ್ಕೆ ಉಗಿಯುತ್ತಿದ್ದೆ. ಅವಳು ಉಗಿಯಲಿಲ್ಲ. ಬಹಳ ಹೊತ್ತು ಅವನ ತೋಳಿನ ಚುಕ್ಕಿಗಳನ್ನೇ ನೋಡಿದಳು.

"ನಿಂಗೆ ಭಯ ಅಂತ ಒಂದು ಮಾತು ಹೇಳಬಾರದಿತ್ತಾ ಅರ್ದಿಕಣ್ಣ?" ಎಂದಳು. "ನಾವು ದಿನಾ ಆ ನೀರಲ್ಲೇ ಇರೋರು. ನಾನು, ಅಕ್ಕ ಇಬ್ರೇ ದೋಣಿ ಹತ್ತಿ ನಿನ್ನ ಹತ್ರ ಬರ್ತಿದ್ವಿ. ನೀನು ದಡದ ಮೇಲೇ ಕೂತು ರಕ್ತ ತಗೋಬಹುದಿತ್ತು."

ಅರ್ದಿಕ ತೋಳಿನ ಗುಂಡಿ ಹಾಕಿಕೊಳ್ಳ ಹೋದ. ಹಾಗೇ ಬಿಟ್ಟು, ತೆರೆದ ತೋಳಿನಲ್ಲೇ ಮೆರ್ತಾ ಅವರ ಹಿಂದೆ ನಡೆದ.